ಒಂದೇ ಮರಿ, ಎರಡು ರೇಟು: ಜಾತಿ ನಾಯಿಗೆ ಕಾಗದ ಬೇಕಾ? ತುಮಕೂರು ಕಡೆಯವರು ಸ್ವಲ್ಪ ಹೇಳಿ

ಗುಬ್ಬಿ ಗೇಟ್

ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾಯಿಮರಿ ಕೊಡಿಸುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೇನೆ. ಅವಳಿಗೆ ಲ್ಯಾಬ್ರಡಾರೇ ಆಗಬೇಕು. ತುಮಕೂರಿನಲ್ಲೇ ಒಬ್ಬರ ಹತ್ತಿರ ಮರಿಗಳಿವೆ ಅಂತ ಗೊತ್ತಾಗಿ ಹೋಗಿ ನೋಡಿದೆ. ಕಾಗದ ಸಮೇತ ಆದರೆ 22 ಸಾವಿರ, ಕಾಗದ ಬೇಡ ಅಂದರೆ 11 ಸಾವಿರ ಅಂದರು. ಎರಡು ಬೇರೆ ಬೇರೆ ಮರಿ ಅಂದುಕೊಳ್ಳಬೇಡಿ. ಅದೇ ಮರಿ! ನಾನು ಕೈಯಲ್ಲಿ ಹಿಡಿದುಕೊಂಡಿದ್ದ ಮರಿ.

ಮನೆಗೆ ಬಂದು ಹೇಳಿದರೆ ನಮ್ಮ ಮಾವ ಕೆಮ್ಮು ಬರುವ ತನಕ ನಕ್ಕರು. ಅವರು ಹಾಗಲವಾಡಿ ಕಡೆಯವರು, ಮೊನ್ನೆ ಮೊನ್ನೆ ತನಕ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಜೋಡಿ ಕಟ್ಟಿದ್ದವರು. "ನಮ್ಮ ಎತ್ತಿಗೆ ಯಾವ ಕಾಗದ ಇತ್ತು ಅಳಿಯಂದ್ರೇ? ಕೊಂಬು ನೋಡಿದರೆ ಅವರಪ್ಪ ಯಾರು ಅಂತ ಗೊತ್ತಾಗುತ್ತಿತ್ತು" ಅಂದರು. ನನಗೆ ಎತ್ತಿನ ವಿಷಯವೂ ಗೊತ್ತಿಲ್ಲ, ನಾಯಿ ವಿಷಯವೂ ಗೊತ್ತಿಲ್ಲ. ಆ ಕಾಗದದಲ್ಲಿ ಏನಿರುತ್ತದೆ? 11 ಸಾವಿರ ಬಾಳುತ್ತದಾ, ಇಲ್ಲ ಸುಮ್ನೆ ಶೋಕಿನಾ?

ಬಾಲ ಅಲ್ಲಾಡಿಸು

ಅಣ್ಣ, ದುಡ್ಡು ಕೊಟ್ಟಿಲ್ಲ ತಾನೇ? ಸದ್ಯ. ಅಪ್ಪ ಅಮ್ಮ ಎರಡೂ ಕೆನಲ್ ಕ್ಲಬ್‌ನಲ್ಲಿ ನೋಂದಣಿ ಆಗಿದ್ದರೆ ಮರಿಗೂ ಕಾಗದ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ. ಅಷ್ಟೇ. ಮಸಾಲೆ ದೋಸೆಗೆ ಬೆಣ್ಣೆ ಬೇಕಾ ಅಂತ ಕೇಳಿದ ಹಾಗೆ ಕಾಗದ ಬೇಕಾ ಅಂತ ಕೇಳುವವರ ಹತ್ತಿರ ಹುಷಾರು.

ನಂದು ಕೇಳಿ. 2019ರಲ್ಲಿ 18 ಸಾವಿರ ಕೊಟ್ಟು ಲ್ಯಾಬ್ ತಂದೆ. ಕಾಗದವೂ ಕೊಟ್ಟರು, ಮೇಲೆ ಸೀಲು ಬೇರೆ. ನಾನು ಅದನ್ನು ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಸೈಟ್ ಪತ್ರದ ಜೊತೆ ಇಟ್ಟೆ. ಎಂಟು ತಿಂಗಳಿಗೆ ನಮ್ಮ ನಾಯಿ ಓಡುವಾಗ ಮೊಲದ ಥರ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಹಾಕುತ್ತಿತ್ತು. ನಾವೆಲ್ಲ ಎಷ್ಟು ಮುದ್ದಾಗಿ ಓಡುತ್ತೆ ನೋಡಿ ಅಂತ ವಿಡಿಯೋ ಮಾಡಿ ಸ್ಟೇಟಸ್ ಹಾಕಿದೆವು! ಆಮೇಲೆ ಮೆಟ್ಟಿಲು ಹತ್ತುವುದು ಬಿಟ್ಟಿತು. ಎಕ್ಸ್‌ರೇ ತೆಗೆಸಿದರೆ ಸೊಂಟದ ಕೀಲು ಗುಂಡಿಯಲ್ಲಿ ಸರಿಯಾಗಿ ಕೂತೇ ಇಲ್ಲ. ಲ್ಯಾಬ್‌ಗಳಲ್ಲಿ ಇದು ಅಪ್ಪ ಅಮ್ಮನಿಂದ ಬರುವುದು ಜಾಸ್ತಿ ಅಂದರು ಡಾಕ್ಟರು. ಅವತ್ತು ಬೀರುವಿನಿಂದ ಕಾಗದ ತೆಗೆದು ಮೊದಲ ಸಲ ಓದಿದೆ. ಬಣ್ಣ: ಕಪ್ಪು ಅಂತ ಬರೆದಿತ್ತು. ನಮ್ಮದು ಹಳದಿ. ಯಾವುದೋ ನಾಯಿಯ ಕಾಗದ, ಯಾವುದೋ ನಾಯಿ.

ಸುಮ್ನೆ ಓದೋನು

ಜಾತಿ ನಾಯಿ, ಜಾತಿ ಹೋರಿ, ಜಾತಿ ಕುದುರೆ. ಮನುಷ್ಯರ ಜಾತಿ ಸರ್ಟಿಫಿಕೇಟಿಗೆ ನಾಡಕಚೇರಿ ಮುಂದೆ ನಿಂತು ಸಾಕಾಗಿದೆ, ಈಗ ನಾಯಿಗೂ ಅದೇನಾ ಗುರು? ಬೀದಿಯಲ್ಲಿ ಎಷ್ಟೊಂದು ಮರಿ ಇವೆ. ಪುಕ್ಕಟೆ. ಕಾಯಿಲೆ ಕಸಾಲೆ ಇಲ್ಲ.

ಬಾಲ ಅಲ್ಲಾಡಿಸು

ಬೀದಿ ನಾಯಿಗೂ ಕಾಯಿಲೆ ಬರುತ್ತದೆ, ಯಾರೂ ಎಕ್ಸ್‌ರೇ ತೆಗೆಸಲ್ಲ ಅಷ್ಟೇ.

ನಿವೃತ್ತ ಡಾಕ್ಟ್ರು

ಪಶು ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ಮನೆಯಲ್ಲಿ ಕೂತಿದ್ದೇನೆ, ಆದ್ದರಿಂದ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಗುಬ್ಬಿ ಗೇಟ್ ಅವರ ಪ್ರಶ್ನೆ. ಆ ಕಾಗದ ಅಂದರೆ ವಂಶಾವಳಿ. ನಾಯಿಯ ಹೆಸರು, ಹುಟ್ಟಿದ ದಿನ, ಬಣ್ಣ, ಮೈಕ್ರೋಚಿಪ್ ನಂಬರು, ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಅವರ ಅಪ್ಪ ಅಮ್ಮ. ನಮ್ಮಲ್ಲಿ ಇದನ್ನು ಕೊಡುವ ದೊಡ್ಡ ಸಂಸ್ಥೆ ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ. ಈ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು, ಅಲ್ಲಿ ಕೆನಲ್ ಕ್ಲಬ್ ಶುರುವಾಗಿದ್ದು 1873ರಲ್ಲಿ. ಕಾಗದ ಹೇಳುವುದು "ಇದರ ಅಪ್ಪ ಅಮ್ಮ ಇವರು" ಅನ್ನುವುದನ್ನು ಮಾತ್ರ. ನಾಯಿ ಗಟ್ಟಿಯಾಗಿದೆ, ಗುಣ ಒಳ್ಳೆಯದು, ಕಣ್ಣು ಸರಿಯಾಗಿದೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಜನ ಅದನ್ನು ಐಎಸ್‌ಐ ಮಾರ್ಕ್ ಅಂದುಕೊಳ್ಳುತ್ತಾರೆ, ಕಷ್ಟ ಶುರುವಾಗುವುದು ಅಲ್ಲೇ.

ಇನ್ನೊಂದು ವಿಷಯ. "ಶುದ್ಧ ತಳಿ" ಅಂದರೆ ಹೊರಗಿನ ರಕ್ತಕ್ಕೆ ಬಾಗಿಲು ಹಾಕಿದ ತಳಿ. ಒಳಗಿದ್ದವೇ ಒಳಗೊಳಗೆ ಕೂಡಬೇಕು. ಡಾಲ್ಮೇಷಿಯನ್ ಗೊತ್ತಲ್ಲ, ಬಿಳಿ ಮೈ ಕಪ್ಪು ಚುಕ್ಕೆ. ಆ ತಳಿಯಲ್ಲಿ ಯೂರಿಕ್ ಆಮ್ಲ ಸಂಭಾಳಿಸುವ ಸರಿಯಾದ ಜೀನ್ ಪೂರ್ತಿ ಕಳೆದುಹೋಗಿತ್ತು. ಒಂದು ನಾಯಿಯಲ್ಲೂ ಉಳಿದಿರಲಿಲ್ಲ. ಮೂತ್ರದಲ್ಲಿ ಕಲ್ಲು ಕಟ್ಟಿ ಗಂಡು ನಾಯಿಗಳು ಒದ್ದಾಡುತ್ತಿದ್ದವು. 1973ರಲ್ಲಿ ಅಮೆರಿಕದಲ್ಲಿ ಒಬ್ಬ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯ ಜೊತೆ ಕೂಡಿಸಿದ. ಆಮೇಲೆ ತಲೆಮಾರು ತಲೆಮಾರು ಡಾಲ್ಮೇಷಿಯನ್ ಜೊತೆಗೇ ಕೂಡಿಸುತ್ತಾ ಬಂದ. ನೋಡಲು ಅಪ್ಪಟ ಡಾಲ್ಮೇಷಿಯನ್, ಕಲ್ಲಿನ ಕಾಟ ಇಲ್ಲ. ಅಮೆರಿಕದ ಕೆನಲ್ ಕ್ಲಬ್‌ನವರು ಖುಷಿ ಪಡಬೇಕಿತ್ತು ಅಲ್ವಾ? 1981ರಲ್ಲಿ ಎರಡು ನಾಯಿ ಸೇರಿಸಿಕೊಂಡು, ತಳಿ ಕೆಡುತ್ತದೆ ಅಂತ ಗಲಾಟೆ ಆದ ಮೇಲೆ ಮತ್ತೆ ಬಾಗಿಲು ಹಾಕಿಕೊಂಡರು. ತೆರೆದದ್ದು 2011ರಲ್ಲಿ. 30 ವರ್ಷ. ಅಷ್ಟು ವರ್ಷ ನಾಯಿಗಳು ಕಲ್ಲು ಹೊತ್ತುಕೊಂಡೇ ಓಡಾಡಿದವು.

ತುರುವೇಕೆರೆ ಹೋರಿ

ಡಾಕ್ಟ್ರೇ ನಮಸ್ಕಾರ. ನಾಯಿ ಕಥೆ ಒಪ್ಪಿದೆ, ಆದರೆ ತಳಿ ಅನ್ನುವುದೇ ಶೋಕಿ ಅನ್ನುವ ಹಾಗೆ ಮಾತಾಡಬೇಡಿ. ನಮ್ಮ ಹಳ್ಳಿಕಾರ್ ನೋಡಿ. 2000ನೇ ಇಸವಿಯಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಅದು. ಉದ್ದ ಮುಖ, ಉಬ್ಬಿದ ಹಣೆ, ನಡುವೆ ಗೆರೆ ಎಳೆದ ಹಾಗೆ ತಗ್ಗು, ಎರಡೂ ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಹೋಗಿ ತುದಿ ಮುಂದಕ್ಕೆ ಬಾಗಬೇಕು. ಗಂಗೆದೊಗಲು ಚಿಕ್ಕದು. ಚರ್ಮ ಬಿಗಿ. ಕಾಗದ ಇಲ್ಲದೆ ನೂರಾರು ವರ್ಷ ಉಳಿಸಿಕೊಂಡು ಬಂದಿದ್ದಾರೆ ನಮ್ಮವರು.

ನಾನು ಹತ್ತು ವರ್ಷದ ಹುಡುಗ ಇದ್ದಾಗ ತಾತನ ಜೊತೆ ಸಿದ್ಧಗಂಗೆ ಪರಿಷೆಗೆ ಹೋಗಿದ್ದೆ, ಶಿವರಾತ್ರಿ ಹೊತ್ತು. ತಾತ ಒಂದು ಜೋಡಿ ಇಷ್ಟಪಟ್ಟರು. ಮೊದಲು ಮುಟ್ಟಲೇ ಇಲ್ಲ. ಬೀಡಿ ಹಚ್ಚಿಕೊಂಡು ಸುತ್ತ ಒಂದು ಸಲ ಸುಮ್ನೆ ನಡೆದು ಬಂದರು. ಆಮೇಲೆ ಭುಜದಿಂದ ಬಾಲದ ಬುಡದ ತನಕ ಅಂಗೈ ಆಡಿಸಿದರು. ಪಕ್ಕೆಯ ಚರ್ಮ ಎರಡು ಬೆರಳಲ್ಲಿ ಎಳೆದು ಬಿಟ್ಟರು, ರಬ್ಬರಿನ ಹಾಗೆ ಪಟ್ ಅಂತ ಕೂತುಕೊಳ್ಳಬೇಕಂತೆ. ಬಾಯಿ ಬಿಡಿಸಿ ಹಲ್ಲು ನೋಡಿದರು, ಎರಡು ಹಲ್ಲು. ಸುಳಿ ನೋಡಿದರು, ಎಲ್ಲೆಲ್ಲಿ ಇದೆ ಅಂತ. ಹಗ್ಗ ಹಿಡಿದು ಹತ್ತು ಹೆಜ್ಜೆ ನಡೆಸಿದರು, ಕಣ್ಣು ಮಾತ್ರ ನೆಲದ ಮೇಲೆ. ಮುಂಗಾಲು ಇಟ್ಟ ಗುರುತಿನ ಮೇಲೆ ಹಿಂಗಾಲು ಬೀಳುತ್ತಾ ಅಂತ. ಇಷ್ಟೆಲ್ಲ ಆದ ಮೇಲೆ ಕೇಳಿದ ಮೊದಲ ಮಾತು "ಎಷ್ಟು" ಅಂತ ಅಲ್ಲ. "ಯಾರ ಹೋರಿದು?" ಅಂತ. ಆ ಮನುಷ್ಯ ಒಂದು ಊರಿನ ಹೆಸರು ಹೇಳಿದ. ತಾತ ತಲೆ ಆಡಿಸಿದರು. ಆಮೇಲೆ ಟವೆಲ್ ಕೆಳಗೆ ಕೈ ಹೋಯಿತು, ಬೆರಳು ಹಿಡಿದು ರೇಟು ಮಾತಾಡಿದರು, ದಳ್ಳಾಳಿ ಬಂದು ಬಿಡಿಸಿದ.

ಆ "ಯಾರ ಹೋರಿದು" ಅನ್ನುವುದೇ ನಮ್ಮ ವಂಶಾವಳಿ.

ಗುಬ್ಬಿ ಗೇಟ್

ಇದನ್ನು ಮಾವನಿಗೆ ಓದಿ ಹೇಳಿದೆ. ಈಗ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಾರೆ. ನಾಯಿ ವಿಷಯ ಕೇಳಿದವನು ನಾನು, ಮನೆಯಲ್ಲಿ ಎತ್ತಿನ ಪುರಾಣ ಶುರುವಾಗಿದೆ. ಊಟ ಯಾವಾಗ ಅಂತ ಹೆಂಡತಿ ಕೇಳುತ್ತಿದ್ದಾಳೆ.

ನಿವೃತ್ತ ಡಾಕ್ಟ್ರು

ತುರುವೇಕೆರೆಯವರೇ, ನಿಮ್ಮ ತಾತ ನೋಡಿದ ಕ್ರಮದಲ್ಲಿ ಒಂದು ವಿಷಯ ಗಮನಿಸಿ. ಅವರು ಮೊದಲು ಎತ್ತನ್ನು ನೋಡಿದರು, ಆಮೇಲೆ ಅಪ್ಪನನ್ನು ಕೇಳಿದರು. ಈಗಿನವರು ಮೊದಲು ಅಪ್ಪನ ಹೆಸರು ಕೇಳಿ ಅಲ್ಲಿಗೇ ಬಿಡುತ್ತಾರೆ.

ಇನ್ನು ಶುದ್ಧದ ಮಾತು. ಹಾಗಲವಾಡಿ ಅಂದರಲ್ಲ, ಗುಬ್ಬಿ ಗೇಟ್ ಅವರ ಮಾವನಿಗೆ ಇದನ್ನು ಹೇಳಿ. ಮೈಸೂರು ಅರಮನೆಯ ದನದ ಹಿಂಡು ಚಿಕ್ಕದೇವರಾಜ ಒಡೆಯರ ಕಾಲದ್ದು, ಆಗ ಅದಕ್ಕೆ ಬೆಣ್ಣೆ ಚಾವಡಿ ಅಂತ ಹೆಸರು. ಅಮೃತ ಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಬೆಣ್ಣೆ ಹಾಲಿನ ಹೆಸರಿದ್ದರೂ ನಿಜವಾದ ಕೆಲಸ ದಂಡಿನ ತೋಪು ಎಳೆಯುವುದು. ಆ ಹಿಂಡಿನಲ್ಲಿ ಮೂರು ಬಗೆ ದನ ಇದ್ದವು: ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಮೂರೂ ಸೇರಿ ಈಗ ಒಂದೇ ತಳಿ ಅಂತ ಪುಸ್ತಕದಲ್ಲಿದೆ. 1860ರಲ್ಲಿ ಬ್ರಿಟಿಷರು ಖರ್ಚು ಜಾಸ್ತಿ ಆಯಿತು ಅಂತ ಹಿಂಡನ್ನೇ ಮಾರಿಬಿಟ್ಟರು. ಆರು ವರ್ಷಕ್ಕೆ ತಪ್ಪು ಗೊತ್ತಾಗಿ 1866ರಲ್ಲಿ ಮತ್ತೆ ಕಟ್ಟಿದರು. ಈಗ ಅಜ್ಜಂಪುರದ ಫಾರಂನಲ್ಲಿ ನೋಡುವುದು ಇಷ್ಟೆಲ್ಲ ದಾಟಿ ಬಂದದ್ದು. ಅದು ಒಳ್ಳೆಯ ತಳಿ ಅಲ್ಲ ಅಂತ ಯಾರಾದರೂ ಹೇಳಲಿ ನೋಡೋಣ. ಆದರೆ ಮೊದಲಿನಿಂದ ಒಂದೇ ರಕ್ತ ಅಂತ ಹೇಳಬೇಡಿ.

ಕುಣಿಗಲ್ ರಸ್ತೆ

ತುಂಬಾ ದಿನದಿಂದ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ನಮ್ಮಪ್ಪ ಕುಣಿಗಲ್ ಸ್ಟಡ್ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಟಿಪ್ಪು ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸುತ್ತಿದ್ದ ಜಾಗ, ನಮ್ಮ ಕಾಲಕ್ಕೆ ರೇಸ್ ಕುದುರೆ. ಥರೋಬ್ರೆಡ್. ವಂಶಾವಳಿ ಹುಚ್ಚು ನೋಡಬೇಕು ಅಂದರೆ ಅಲ್ಲಿ ನೋಡಬೇಕು, ನಾಯಿದು ಏನೂ ಅಲ್ಲ.

ಥರೋಬ್ರೆಡ್ ಕುದುರೆಗಳ ಗಂಡು ಸಾಲು ಹಿಂದೆ ಹಿಂದೆ ಹೋದರೆ ಮೂರೇ ಮೂರು ಕುದುರೆಗೆ ಹೋಗಿ ನಿಲ್ಲುತ್ತದೆ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮೂರೂ ಪೂರ್ವದ ಕಡೆಯಿಂದ ಇಂಗ್ಲೆಂಡಿಗೆ ಹೋದವು. ಅಲ್ಲಿನ ಹೆಣ್ಣು ಕುದುರೆಗಳಿಗೆ ಅವನ್ನು ಕೊಡಿಸಿದರು. ಅಂದರೆ ಲೋಕದಲ್ಲೇ ಅತಿ ಶುದ್ಧ ಅನ್ನಿಸಿಕೊಂಡ ಪ್ರಾಣಿ ಶುರುವಾಗಿದ್ದೇ ಬೆರಕೆಯಾಗಿ! 1791ರಲ್ಲಿ ಜೇಮ್ಸ್ ವೆದರ್ಬಿ ಅನ್ನುವವನು ಜನರಲ್ ಸ್ಟಡ್ ಬುಕ್ ಅಂತ ಪುಸ್ತಕ ತಂದ. ಆಮೇಲೆ ಆ ಪುಸ್ತಕದಲ್ಲಿ ಅಪ್ಪ ಅಮ್ಮನ ಹೆಸರು ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಅದಕ್ಕೇ ನಮ್ಮಪ್ಪ ತಮಾಷೆ ಮಾಡುತ್ತಿದ್ದರು, ಶುದ್ಧ ಅಂದರೆ ಪುಸ್ತಕ ಮುಚ್ಚಿದ ದಿನದಿಂದ ಶುದ್ಧ ಕಣೋ, ಅದರ ಹಿಂದಿನ ದಿನದ್ದು ಕೇಳಬೇಡ.

ಫಾರಂ ಒಳಗೆ ನಾನು ಕಂಡದ್ದು ಹೇಳುತ್ತೇನೆ. ರೇಸ್ ಕುದುರೆಗೆ ಇಂಜೆಕ್ಷನ್ ಗರ್ಭ ನಡೆಯುವುದಿಲ್ಲ. ಗಂಡು ಹೆಣ್ಣು ನಿಜವಾಗಿ ಕೂಡಲೇಬೇಕು, ಅದು ನಿಯಮ. ದುಬಾರಿ ಗಂಡು ಕುದುರೆಗೆ ಹೆಣ್ಣು ಒದ್ದರೆ ಕೋಟಿ ಲೆಕ್ಕದ ನಷ್ಟ. ಅದಕ್ಕೆ ಮೊದಲು ಒಂದು ಸಾದಾ ಗಂಡು ಕುದುರೆ ತರುತ್ತಾರೆ, ಟೀಸರ್ ಅಂತಾರೆ. ಅಡ್ಡ ಹಲಗೆಯ ಈಚೆ ಅದು, ಆಚೆ ಹೆಣ್ಣು. ಅದು ಮೂಸಿ, ಕೆನೆದು, ಮುದ್ದು ಮಾಡುತ್ತದೆ. ಹೆಣ್ಣು ಕಿವಿ ಹಿಂದಕ್ಕೆ ಹಾಕಿ ಒದೆಯಲು ಹೋದರೆ ಇನ್ನೂ ಹೊತ್ತಾಗಿಲ್ಲ ಅಂತ. ಬಾಲ ಎತ್ತಿ ಸುಮ್ನೆ ನಿಂತರೆ ಬೆದೆಗೆ ಬಂದಿದೆ. ಅಷ್ಟು ಗೊತ್ತಾದ ತಕ್ಷಣ ಆ ಪಾಪದ ಗಂಡನ್ನು ಹಗ್ಗ ಹಿಡಿದು ವಾಪಸ್ ಲಾಯಕ್ಕೆ ಎಳೆದುಕೊಂಡು ಹೋಗುತ್ತಾರೆ, ಕಾಗದ ಇರುವವನು ಬರುತ್ತಾನೆ. ಅಪ್ಪನಿಗೆ ಇಡೀ ಫಾರಂನಲ್ಲಿ ಇಷ್ಟದ ಕುದುರೆ ಅಂದರೆ ಆ ಟೀಸರ್. ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡು ಹೋಗುತ್ತಿದ್ದದ್ದು ಅದಕ್ಕೆ ಮಾತ್ರ.

ಮರಿ ಹುಟ್ಟಲು ಹನ್ನೊಂದು ತಿಂಗಳು. ಹುಟ್ಟಿದ ಮೇಲೆ ಮೈಮೇಲಿನ ಬಿಳಿ ಗುರುತು, ಸುಳಿ ಎಲ್ಲವನ್ನೂ ಚಿತ್ರ ಬರೆದು ಗುರುತು ಹಾಕುತ್ತಾರೆ. ತುರುವೇಕೆರೆಯವರೇ, ಕುದುರೆಗೂ ಸುಳಿ ನೋಡುತ್ತಾರೆ, ಆದರೆ ಶಕುನಕ್ಕಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಚಿಪ್ ಹಾಕುತ್ತಾರೆ, ಡಿಎನ್ಎ ನೋಡಿ ಅಪ್ಪ ಅಮ್ಮ ಇವರೇ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಲೆಕ್ಕಕ್ಕೆ ಎಲ್ಲದರ ಹುಟ್ಟುಹಬ್ಬವೂ ಜನವರಿ 1. ಇಷ್ಟೆಲ್ಲ ಆಗಿಯೂ ಎಷ್ಟೋ ಕುದುರೆ ಒಂದು ರೇಸೂ ಗೆಲ್ಲದೆ ಹೋಗುತ್ತವೆ. ಅಣ್ಣ ಗೆದ್ದಿರುತ್ತಾನೆ, ಅದೇ ಅಪ್ಪ ಅದೇ ಅಮ್ಮನ ತಮ್ಮ ಕೊನೆಗೆ ಬರುತ್ತಾನೆ.

ಸುಮ್ನೆ ಓದೋನು

ಟೀಸರ್ ಕಥೆ ಓದಿ ಯಾಕೋ ನನ್ನ ಕಥೆ ಓದಿದ ಹಾಗಾಯಿತು.

ಮಾಲೂರು ಅಕ್ಕ

ಗಂಡಸರೆಲ್ಲ ಹೋರಿ, ಗಂಡು ಕುದುರೆ ಅಂತ ಮಾತಾಡುತ್ತಿದ್ದೀರಿ. ಹಾಲು ಕರೆಯುವವರು ಯಾರು? ನಮ್ಮದು ನಾಲ್ಕು ಸೀಮೆ ಹಸು, ಎಲ್ಲ ಎಚ್ಎಫ್ ಕ್ರಾಸ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಬೆರಕೆ. ಬೆಳಿಗ್ಗೆ ಐದೂವರೆಗೆ ಡೈರಿಗೆ ಕ್ಯಾನ್ ಹೋಗಬೇಕು. ನಮ್ಮ ಹಸುಗಳ ಕಿವಿಯಲ್ಲಿ ಹಳದಿ ಓಲೆ ಇದೆ, 12 ಅಂಕಿ, ಆಧಾರ್ ಕಾರ್ಡಿನ ಹಾಗೆ. ಗಬ್ಬದ ಇಂಜೆಕ್ಷನ್ ಕೊಡಿಸುವಾಗ, ವೀರ್ಯ ತುಂಬಿದ ಕಡ್ಡಿ ಮೇಲೆ ಹೋರಿಯ ನಂಬರ್ ಸಣ್ಣಗೆ ಅಚ್ಚಾಗಿರುತ್ತದೆ. ಮೊದಲೆಲ್ಲ ನಾನು ನೋಡುತ್ತಿರಲಿಲ್ಲ. ಬರುವವರು ಡಬ್ಬದಿಂದ ತೆಗೆದು ಹಾಕಿ ಹೋಗುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಕಡಸು ಮೂರು ಸಲ ಗಬ್ಬ ನಿಲ್ಲಲಿಲ್ಲ. ಅತ್ತೆ ದೃಷ್ಟಿ ತೆಗೆದರು, ನಾನು ಖನಿಜ ಮಿಶ್ರಣ ತಿನ್ನಿಸಿದೆ. ಆಮೇಲೆ ಬಂದ ಡಾಕ್ಟರಮ್ಮ ಹಳೇ ಕಾರ್ಡ್ ಎಲ್ಲ ತೆಗೆಸಿ ನೋಡಿ, "ಇವಳಿಗೆ ಇವಳಪ್ಪನ ಕಡ್ಡಿಯನ್ನೇ ಎರಡು ಸಲ ಹಾಕಿಸಿದ್ದೀರಲ್ಲಮ್ಮ" ಅಂದರು. ನನಗೆ ನಾಚಿಕೆ ಆಯಿತು. ಗಬ್ಬ ನಿಲ್ಲದಿದ್ದಕ್ಕೆ ಅದೇ ಕಾರಣನೋ ಬೇರೆಯೋ ಗೊತ್ತಿಲ್ಲ. ಅವತ್ತಿನಿಂದ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ, ಯಾವ ಹಸುವಿಗೆ ಯಾವ ನಂಬರ್ ಅಂತ. ನಮ್ಮ ಮನೆಯ ವಂಶಾವಳಿ ಅಂದರೆ ಅದೇ, ಲಕ್ಷ್ಮಿ ಫೋಟೋ ಇರುವ ಕ್ಯಾಲೆಂಡರ್.

ನಿವೃತ್ತ ಡಾಕ್ಟ್ರು

ಮಾಲೂರು ಅಕ್ಕ, ನಿಮ್ಮ ಕ್ಯಾಲೆಂಡರ್ ಈ ಇಡೀ ಚರ್ಚೆಗೆ ಸಮ. ನಾನು ಹೊಗಳುವುದಕ್ಕೆ ಹೇಳುತ್ತಿಲ್ಲ.

ಅಪ್ಪ ಮಗಳನ್ನು ಕೂಡಿಸಿದರೆ, ಹುಟ್ಟುವ ಕರುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಂದೇ ಹೋರಿಯ ಒಂದೇ ಪ್ರತಿಯ ನಕಲಾಗಿರುವ ಸಾಧ್ಯತೆ 25 ಪರ್ಸೆಂಟ್. ಮಲ ಅಣ್ಣ ತಂಗಿ ಆದರೆ ಹನ್ನೆರಡೂವರೆ. ಕೆಟ್ಟ ಜೀನ್ ಒಂದು ಪ್ರತಿ ಇದ್ದರೆ ಬಹಳ ಸಲ ಏನೂ ಗೊತ್ತಾಗುವುದಿಲ್ಲ, ಎರಡೂ ಸೇರಿದಾಗ ಹೊರಗೆ ಬರುತ್ತದೆ. ಎಚ್ಎಫ್‌ನಲ್ಲೇ ಒಂದು ಉದಾಹರಣೆ ಇದೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಚೀಫ್ ಅನ್ನುವ ಹೋರಿ. ಮಕ್ಕಳೆಲ್ಲ ಹಾಲಿನ ಹೊಳೆ. 16 ಸಾವಿರ ಹೆಣ್ಣು ಮಕ್ಕಳು, 5 ಲಕ್ಷ ಮೊಮ್ಮಕ್ಕಳು. ಅದರ ಹತ್ತಿರ ಒಂದು ಕೆಟ್ಟ ಜೀನ್ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಕಡೆಗೆ ಎಲ್ಲಿ ನೋಡಿದರೂ ಅದರ ಸಂತಾನವೇ, ಅಪ್ಪನ ಕಡೆಯಿಂದಲೂ ಚೀಫ್, ಅಮ್ಮನ ಕಡೆಯಿಂದಲೂ ಚೀಫ್ ಆಗಿ, ಎರಡು ಪ್ರತಿ ಸೇರಿದ ಕರು ಹೊಟ್ಟೆಯಲ್ಲೇ ಸಾಯುತ್ತಿತ್ತು. ಲೋಕದಾದ್ಯಂತ ಲಕ್ಷಗಟ್ಟಲೆ ಕರು ಹೀಗೆ ಹೋದವು ಅಂತ ಅಂದಾಜು. ಈಗ ಆ ಜೀನ್ ಗೊತ್ತಾಗಿದೆ, ಹೋರಿಗಳನ್ನು ಪರೀಕ್ಷೆ ಮಾಡುತ್ತಾರೆ. ಪತ್ತೆ ಮಾಡಲು ಸಾಧ್ಯವಾಗಿದ್ದು ಯಾರಪ್ಪ ಯಾರು ಅಂತ ಬರೆದಿಟ್ಟಿದ್ದರಿಂದ. ಒಂದೇ ಅಪ್ಪನ ಹಿಂದೆ ಎಲ್ಲರೂ ಬಿದ್ದಿದ್ದಕ್ಕೂ ಆ ಬರವಣಿಗೆಯೇ ಕಾರಣ, ಇದೂ ನಿಜ.

ಶಿರಾ ಕುರಿ

ನಾವು ಕುರಿಯವರು ಬೆರಕೆಗೆ ಹೆದರುವುದಿಲ್ಲ ಸ್ವಾಮಿ. ಮಹಾರಾಷ್ಟ್ರದ ಫಲ್ಟಣದವರು ಬಂಗಾಳದ ಗರೋಲ್ ಅನ್ನುವ ಪುಟ್ಟ ಕುರಿಯಿಂದ ಅವಳಿ ಹಾಕುವ ಜೀನ್ ತಂದು, ದಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ಮಾಡಿದರು. ನಮ್ಮ ಹತ್ತಿರ ಹದಿನೈದು ಇವೆ. ಮೇವು ಇದ್ದ ವರ್ಷ ಅವಳಿ ಖುಷಿ, ಮೇವು ಇಲ್ಲದ ವರ್ಷ ಒಂದು ಮರಿಗೆ ಬಾಟಲಿ ಹಾಲು ಹಿಡಿಯಬೇಕು. ಅಷ್ಟೇ ವ್ಯತ್ಯಾಸ.

ತುರುವೇಕೆರೆ ಹೋರಿ

ಎಲ್ಲ ಬೆರಕೆ ಬೆರಕೆ ಅಂದರೆ ಕೊನೆಗೆ ಉಳಿಯುವುದೇನು? ಸೀಮೆ ಹಸು ಬಂದ ಮೇಲೆ ನಮ್ಮೂರಲ್ಲಿ ಹಳ್ಳಿಕಾರ್ ಮನೆ ನಲವತ್ತಿದ್ದದ್ದು ಐದಕ್ಕೆ ಬಂದಿದೆ. ಹಾಲು ದಿನಕ್ಕೆ ಎರಡು ಮೂರು ಲೀಟರ್, ಡೈರಿಯಲ್ಲಿ ನಗುತ್ತಾರೆ. ಉಳುವುದಕ್ಕೆ ಟ್ರ್ಯಾಕ್ಟರ್. ನಾವು ಹಟಕ್ಕೆ ಇಟ್ಟುಕೊಂಡಿದ್ದೇವೆ. ತಾತನಿಗೆ ಈಗ 86, ಹಸುಗಳ ವಂಶ ಬಾಯಲ್ಲಿ ಹೇಳುತ್ತಾರೆ. ಕೆಂಚಿ ಮಗಳು ಕಾಳಿ, ಕಾಳಿ ಮಗಳು ಗೌರಿ, ಎಲ್ಲೂ ಸೀಮೆ ಸೋಂಕಿಲ್ಲ. ಗೌರಿ ಈಗ ದಿನ ತುಂಬಿದ್ದಾಳೆ, ಹಳ್ಳಿಕಾರ್ ಕಡ್ಡಿಯೇ ಹಾಕಿಸಿದ್ದು. ಕರು ಹುಟ್ಟಿದ ದಿನ ಫೋಟೋ ಹಾಕುತ್ತೇನೆ, ತಳಿ ಅಂದರೇನು ಅಂತ ಆಗ ನೋಡಿ.

ಕುಣಿಗಲ್ ರಸ್ತೆ

ಎತ್ತಿನ ಕೆಲಸ ಇದ್ದಾಗ ಕೆಲಸವೇ ಆರಿಸುತ್ತಿತ್ತು ಅಲ್ವಾ. ಎಳೆಯದ ಎತ್ತಿನ ಅಪ್ಪನನ್ನು ಯಾರೂ ಮತ್ತೆ ಕೇಳುತ್ತಿರಲಿಲ್ಲ. ಈಗ ಹಾರ ಹಾಕಿ ರೀಲ್ಸ್ ಮಾಡುವವರು ಆರಿಸುತ್ತಿದ್ದಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಕೊಂಬು ಉದ್ದ ಆಗಿರುತ್ತದೆ, ಗೊರಸು ಏನಾಗಿರುತ್ತದೋ. ಬೇಜಾರಾಗಬೇಡಿ, ಕುದುರೆಯ ಕಾಲು ತೆಳ್ಳಗಾದದ್ದನ್ನು ನೋಡಿದವನು ಹೇಳುತ್ತಿದ್ದೇನೆ.

ಚಿಂತಾಮಣಿ ಟೊಮ್ಯಾಟೊ

ಮುಧೋಳ ತಗೊಳ್ಳಿ ಸಾರ್, ನಮ್ಮ ಕನ್ನಡದ ನಾಯಿ. 2020ರಲ್ಲಿ ಕರ್ನಾಲ್‌ನ ಕೇಂದ್ರ ತಳಿ ಸಂಸ್ಥೆಯವರು ಅಧಿಕೃತ ತಳಿ ಅಂತ ನೋಂದಣಿನೂ ಮಾಡಿದ್ದಾರೆ.

ನಿವೃತ್ತ ಡಾಕ್ಟ್ರು

ಒಳ್ಳೆಯ ನಾಯಿ. ಆದರೆ ಅದು ಓಡಬೇಕು, ಓಡಿಸಲು ಬಯಲು ಬೇಕು. 30-40 ಸೈಟಿನ ಮನೆಯಲ್ಲಿ ಕಟ್ಟಿಹಾಕಿದರೆ ಪಾಪ. ಗುಬ್ಬಿ ಗೇಟ್ ಅವರೇ, ನೀವು ಆ 22 ಸಾವಿರದ ಮರಿಯ ಕಾಗದ ನೋಡಿದಿರಾ? ಅವರ ವಿಳಾಸ, ಹೆಸರು ಮುಚ್ಚಿ ವಂಶದ ಭಾಗ ಮಾತ್ರ ಇಲ್ಲಿ ಹಾಕಿ. ಚಿಪ್ ನಂಬರ್ ಇದೆಯಾ, ಎಂಟು ವಾರ ಆಗಿದೆಯಾ ಅದನ್ನೂ ಕೇಳಿ. 2017ರ ನಿಯಮದಲ್ಲಿ ಎಂಟು ವಾರಕ್ಕೆ ಮುಂಚೆ ಮರಿ ಮಾರುವ ಹಾಗಿಲ್ಲ.

ಗುಬ್ಬಿ ಗೇಟ್

ಭಾನುವಾರ ಮಗಳನ್ನೂ ಮಾವನನ್ನೂ ಕರೆದುಕೊಂಡು ಮತ್ತೆ ಹೋದೆ. ಮಾವ ಅಲ್ಲಿ ಮರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು! ಮಗಳಿಗೆ ನಾಚಿಕೆ. ಪಕ್ಕೆ ಚರ್ಮವನ್ನೂ ಎಳೆದು ನೋಡಿದರು. ಆಮೇಲೆ "ಇವರಮ್ಮನ್ನ ಕರೆಸಪ್ಪ" ಅಂದರು. ಮಾರುವವರು ಏನೇನೋ ಹೇಳಿ ಕೊನೆಗೆ ಹಿಂದಿನ ಶೆಡ್‌ನಿಂದ ಬಿಟ್ಟರು. ಬಡಕಲಾಗಿತ್ತು, ಮೊಲೆ ಎಲ್ಲ ನೆಲ ಮುಟ್ಟುತ್ತಿತ್ತು. ಆದರೂ ಬಂದು ಮಾವನ ಕೈ ನೆಕ್ಕಿತು. ಕಾಗದದ ಫೋಟೋ ಹಾಕಿದ್ದೇನೆ ನೋಡಿ ಡಾಕ್ಟ್ರೇ. ಕಾಗದ ಅಸಲಿ ಅನ್ನಿಸುತ್ತದೆ, ಚಿಪ್ ನಂಬರ್ ಇದೆ, ಬಣ್ಣವೂ ಸರಿ ಇದೆ.

ನಿವೃತ್ತ ಡಾಕ್ಟ್ರು

ಅಸಲಿಯೇ ಇರಬೇಕು. ಈಗ ಓದಿ. ಅಪ್ಪನ ಜಾಗದಲ್ಲಿ ಥಂಡರ್ ಅಂತ ಇದೆ. ಅಮ್ಮನ ಹೆಸರಿನಿಂದ ಮೇಲಕ್ಕೆ ಹೋಗಿ. ಅಮ್ಮನ ಅಪ್ಪ ಯಾರು?

ಗುಬ್ಬಿ ಗೇಟ್

ಅಯ್ಯೋ. ಥಂಡರ್. ನೋಂದಣಿ ನಂಬರೂ ಅದೇ.

ಮಾಲೂರು ಅಕ್ಕ

ನಮ್ಮ ಕಡಸಿನ ಕಥೆನೇ!

ಬಾಲ ಅಲ್ಲಾಡಿಸು

ಡಾಕ್ಟ್ರೇ ನಿಮ್ಮ ಕಾಲಿಗೆ ಬಿದ್ದೆ. ನಾನು ಇಷ್ಟು ವರ್ಷ ಕಾಗದ ಬೋಗಸ್ಸಾ ಅಸಲಿಯಾ ಅಂತ ಮಾತ್ರ ನೋಡುತ್ತಿದ್ದೆ, ಒಳಗಿನ ಹೆಸರು ಓದಬೇಕು ಅಂತ ತಲೆಗೇ ಹೋಗಿರಲಿಲ್ಲ.

ಗುಬ್ಬಿ ಗೇಟ್

ಫೋನ್ ಮಾಡಿ ಬೇಡ ಅಂದೆ. ಕಾರಣ ಕೇಳಿದರು, ಹೇಳಿದೆ. "ಅದು ಲೈನ್ ಬ್ರೀಡಿಂಗ್ ಸಾರ್, ಒಂದೇ ವಂಶದೊಳಗೆ ಕೂಡಿಸುವುದು, ಎಲ್ಲಾ ದೊಡ್ಡ ಕೆನಲ್‌ನಲ್ಲೂ ಮಾಡುತ್ತಾರೆ, ಅದಕ್ಕೇ ತಲೆ ಇಷ್ಟು ಚೆನ್ನಾಗಿ ಬಂದಿರುವುದು" ಅಂದರು. ಆಮೇಲೆ ಹತ್ತಕ್ಕೆ ಕೊಡುತ್ತೇನೆ ಅಂದರು, ಕಾಗದ ಸಮೇತ. ಮಗಳು ಒಂದು ದಿನ ಊಟ ಬಿಟ್ಟಳು, ಮಾವ ಸಮಾಧಾನ ಮಾಡಿದರು. ಚಿಕ್ಕಬಳ್ಳಾಪುರದಲ್ಲಿ ಸ್ನೇಹಿತರ ಮನೆಯ ಲ್ಯಾಬ್ ಮರಿ ಹಾಕಿದೆ. ಅಪ್ಪ ಅಮ್ಮ ಎರಡಕ್ಕೂ ಸೊಂಟದ ಎಕ್ಸ್‌ರೇ ಆಗಿದೆ, ನಾನೇ ಫಿಲ್ಮ್ ನೋಡಿದೆ, ಅರ್ಥ ಆಗಲಿಲ್ಲ, ಡಾಕ್ಟ್ರಿಗೆ ಕಳಿಸಿದ್ದೇನೆ. ಮರಿಗೆ ಇನ್ನೂ ಐದು ವಾರ. ಅಲ್ಲಿ ಅಮ್ಮನಿಗೆ ಕಾಗದ ಇದೆ, ಅಪ್ಪನಿಗೆ ಇಲ್ಲ, ಆದ್ದರಿಂದ ಮರಿಗೂ ಬರುವುದಿಲ್ಲ. ಇರಲಿ ಬಿಡಿ.

ಸುಮ್ನೆ ಓದೋನು

ತುರುವೇಕೆರೆ ಅಣ್ಣ, ಗೌರಿ ಕರು ಹಾಕಿದಳಾ? ಫೋಟೋ ಹಾಕುತ್ತೇನೆ ಅಂದವರು ಕಾಣಿಸುತ್ತಲೇ ಇಲ್ಲ.

ತುರುವೇಕೆರೆ ಹೋರಿ

ಹಾಕಿದಳು. ಮೊನ್ನೆ ರಾತ್ರಿ ಎರಡು ಗಂಟೆಗೆ.

ಸುಮ್ನೆ ಓದೋನು

ಫೋಟೋ?

ತುರುವೇಕೆರೆ ಹೋರಿ

ಹೇಳಿಬಿಡುತ್ತೇನೆ. ಕಪ್ಪು ಕರು. ಹಣೆಯಲ್ಲಿ ಬಿಳಿ ಚುಕ್ಕೆ, ಹೊಟ್ಟೆ ಕೆಳಗೆ ಅಂಗೈ ಅಗಲ ಬಿಳಿ ಮಚ್ಚೆ, ಕಿವಿ ಅಗಲ. ಕಡ್ಡಿ ತಪ್ಪು ಹಾಕಿದ್ದಾರೆ ಅಂತ ನಾನು ಬೈಯುತ್ತಾ ನಿಂತಿದ್ದೆ. ತಾತ ಲಾಟೀನು ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಕೆಂಚಿ ಒಂದು ಸಲ ಹಗ್ಗ ಕಿತ್ತುಕೊಂಡು ಪಕ್ಕದ ತೋಟಕ್ಕೆ ಹೋಗಿದ್ದಳು, ಅಲ್ಲಿ ಸೀಮೆ ಹೋರಿ ಇತ್ತು, ನಿಮ್ಮಪ್ಪನಿಗೆ ಹೇಳಿರಲಿಲ್ಲ" ಅಂದರು. ಇಷ್ಟು ವರ್ಷ ಹೇಳಿಲ್ಲ!

ನಿವೃತ್ತ ಡಾಕ್ಟ್ರು

ಅಜ್ಜಿ ಕಡೆಯಿಂದ ಬಂದಿರಬಹುದು, ಕಡ್ಡಿಯೂ ತಪ್ಪಿರಬಹುದು. ಗೌರಿಯ ಓಲೆ ನಂಬರ್ ಕೊಟ್ಟರೆ ಯಾವ ಹೋರಿಯ ಕಡ್ಡಿ ಅಂತ ದಾಖಲೆ ನೋಡಬಹುದು. ಬೇಕಾದರೆ ಮಾತ್ರ.

ಮಾಲೂರು ಅಕ್ಕ

ಅದೆಲ್ಲ ಆಮೇಲೆ ನೋಡಿಕೊಳ್ಳಿ. ಹೆಣ್ಣಾ ಗಂಡಾ? ಗಿಣ್ಣುಹಾಲು ಹೊಟ್ಟೆ ತುಂಬ ಕುಡಿಸಿದ್ರಾ?

ತುರುವೇಕೆರೆ ಹೋರಿ

ಹೆಣ್ಣು ಅಕ್ಕ. ಹುಟ್ಟಿದ ಅರ್ಧ ಗಂಟೆಗೆ ಎದ್ದು ಮೊಲೆಗೆ ಬಾಯಿ ಹಾಕಿತು. ಗೌರಿ ನೆಕ್ಕಿ ನೆಕ್ಕಿ ಅದರ ಮೈ ಒಣಗಿಸಿದ್ದಾಳೆ. ಹೆಸರು ತಾತ ಇಡುತ್ತಾರಂತೆ, ಕೆಂಚಿ ಅಂತಲೇ ಇಡೋಣ ಅನ್ನುತ್ತಿದ್ದಾರೆ.